ಕನ್ನಡಕವಿಲ್ಲದ ಘನದೃಶ್ಯ

ಮಾನವನಿಗೆ ಕಣ್ಣು ಎರಡಾದರೂ ಕಾಣ್ಕೆ ಒಂದೇ. ಎರಡು ಕಣ್ಣುಗಳ ನಡುವಣ ಅಂತರ ಸುಮಾರು 6.3 ಸೆಂಟಿಮೀಟರು. ಆದಕಾರಣ ಎಡಗಣ್ಣು ಕಂಡ ಚಿತ್ರಕ್ಕೂ ಬಲಗಣ್ಣು ಕಂಡ ಚಿತ್ರಕ್ಕೂ ಕಿಂಚಿತ್ ಭೇದವುಂಟು. ಈ ಭೇದದಿಂದಲೇ ಮಿದುಳು ವಸ್ತುವಿನ ಆಳವನ್ನು ಅರಿಯುವುದೆಂದು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ತೋರಿಸಿಕೊಟ್ಟನು. ಪ್ರತಿಯೊಂದು ಕಣ್ಣಿಗೂ ಅದರದೇ ಚಿತ್ರವನ್ನು ಒದಗಿಸಿದರೆ ಚಪ್ಪಟೆಯಾದ ಹಾಳೆಯೂ ಘನವಾಗಿ ತೋರುವುದು. 1984ರಲ್ಲಿ ತೆರೆಕಂಡ ಮಲಯಾಳಂ ಚಿತ್ರ ‘ಮೈ ಡಿಯರ್ ಕುಟ್ಟಿಚಾತ್ತನ್’ ಈ ಬೇರ್ಪಡಿಕೆಯನ್ನು ಕನ್ನಡಕದ ಮೂಲಕ ಸಾಧಿಸಿತ್ತು. ಕನ್ನಡಕ ಬೇಡವೆಂದರೆ ಆ ಕಾರ್ಯವನ್ನು ತೆರೆಯೇ ನಿರ್ವಹಿಸಬೇಕು.

ಅದರ ಬಗೆಯನ್ನು ತಿಳಿಯಲು ಇಳಕಲ್ಲಿನ ಮಗ್ಗದ ಹಾಸನ್ನು ನೆನೆಯೋಣ. ಬೆಸ ಎಳೆಗಳು ಎಡಗಣ್ಣಿನ ಚಿತ್ರ, ಸಮ ಎಳೆಗಳು ಬಲಗಣ್ಣಿನ ಚಿತ್ರವೆಂದು ಭಾವಿಸಿರಿ. ಹೀಗೆ ಎರಡು ಚಿತ್ರಗಳನ್ನು ಸಣ್ಣ ಪಟ್ಟಿಗಳಾಗಿ ಸೀಳಿ ಒಂದರ ಪಕ್ಕದಲ್ಲೊಂದು ಜೋಡಿಸಿ, ಮುಂದೆ ಕಿಟಕಿಯ ಸರಳುಗಳಂತೆ ಸೂಕ್ಷ್ಮವಾದ ಕಪ್ಪುಗೆರೆಗಳ ತಡೆಯನ್ನು ನಿಲ್ಲಿಸುವರು. ಸರಳಿನ ಸಂದಿನಲ್ಲಿ ಒಂದು ಕಣ್ಣಿಗೆ ಕಂಡದ್ದು ಮತ್ತೊಂದಕ್ಕೆ ಮರೆಯಾಗುವುದಷ್ಟೆ! ಈ ಉಪಾಯಕ್ಕೆ ಅಮೆರಿಕೆಯ ಫ್ರೆಡರಿಕ್ ಐವ್ಸ್ 1903ರಲ್ಲಿಯೇ ಹಕ್ಕುಪತ್ರ ಪಡೆದನು. ತಡೆಗೆ ಬದಲಾಗಿ ಉದ್ದನೆಯ ಕಿರುಮಸೂರಗಳ ಸಾಲನ್ನು ಹೊದಿಸುವುದೂ ಉಂಟು. ವಾಲಿಸಿದೊಡನೆ ದೃಶ್ಯ ಬದಲಾಗುವ ದೇವರ ಪಟಗಳು ಇದೇ ಜಾತಿಯವು. 2011ರಲ್ಲಿ ಬಂದ ‘ನಿಂಟೆಂಡೊ 3ಡಿಎಸ್’ ಎಂಬ ಆಟದ ಯಂತ್ರ ತಡೆಯ ವಿಧಾನವನ್ನು ಮಕ್ಕಳ ಕೈಗೆ ತಲುಪಿಸಿತು. ಆರು ವರ್ಷದವರೆಗಿನ ಮಕ್ಕಳು ಅದರ ಘನದೃಶ್ಯವನ್ನು ನೋಡಕೂಡದೆಂದು ತಯಾರಕರೇ ಎಚ್ಚರಿಸಿದ್ದರು.

ಇದರ ಮಿತಿಗಳೂ ಮೂಲದಲ್ಲಿಯೇ ಅಡಗಿವೆ. ಎಳೆಗಳು ಇಬ್ಭಾಗವಾದುದರಿಂದ ಒಂದೊಂದು ಕಣ್ಣಿಗೆ ದೊರೆಯುವ ವಿವರ ಅರ್ಧ. ತಡೆಯು ಬೆಳಕನ್ನೂ ನುಂಗುವುದು. ನಿಯತವಾದ ದೂರದಲ್ಲಿ, ನಿಯತವಾದ ನೇರದಲ್ಲಿ ಕುಳಿತವನಿಗೆ ಮಾತ್ರ ದೃಶ್ಯ ಸರಿ. ತುಸು ಸರಿದರೆ ಎಡಬಲಗಳು ಅದಲುಬದಲಾಗುವುವು. ಹಲವರಿಗೆ ಕಾಣಿಸಲೆಂದು ಎಂಟು ನೋಟಗಳನ್ನು ಅಳವಡಿಸಿದರೆ ಪ್ರತಿ ನೋಟದ ಪಾಲಿಗೆ ಬರುವುದು ಎಂಟರಲ್ಲೊಂದು ಭಾಗ. ಮೇಲಾಗಿ, ಕಣ್ಣುಗಳು ತೋರಿಕೆಯ ದೂರಕ್ಕೆ ತಿರುಗಿದರೂ ಅವುಗಳ ಮಸೂರ ತೆರೆಯ ಮೇಲೆಯೇ ನೆಟ್ಟಿರಬೇಕಾಗುವುದರಿಂದ ಆಯಾಸವುಂಟಾಗುತ್ತದೆ.

ಬಾದಾಮಿಯ ಗುಹೆಗಳನ್ನು ಇಂಥ ತೆರೆಯ ಮೇಲೆ ತರಗತಿಯಲ್ಲಿಯೇ ತೋರಿಸಬಾರದೇಕೆ ಎಂಬ ಆಸೆ ಸಹಜವೇ. ಆದರೆ ಐವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಆ ನಿಯತ ಸ್ಥಾನ ಎಷ್ಟು ಮಂದಿಗೆ ಲಭಿಸೀತು? ಮೆಳ್ಳಗಣ್ಣಿನ ಅಥವಾ ಒಂದೇ ಕಣ್ಣಿನ ದೃಷ್ಟಿಯುಳ್ಳ ಬಾಲಕನ ಪಾಡೇನು? ಎರಡು ಚಿತ್ರಗಳನ್ನು ಬೆಸೆಯಲಾರದವನಿಗೆ ಆ ತೆರೆ ಕೊಡುವುದು ಏನೂ ಇಲ್ಲ. ಅದೇ ಬಾಲಕ ಒಂದನೆಯ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ನಾಲ್ಕು ಹೆಜ್ಜೆ ಅತ್ತಿತ್ತ ನಡೆಯಲಿ: ಕೈಗಳು ಒಂದನ್ನೊಂದು ಮರೆಮಾಡುತ್ತ, ತೆರೆಯುತ್ತ ಸಾಗುವುದನ್ನು ಕಾಣುವನು. ನಡೆಯುವವನಿಗೆ ಒಂದೇ ಕಣ್ಣೂ ಆಳವನ್ನು ತಿಳಿಸಬಲ್ಲುದು. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿಯೂ ಶಿಲ್ಪಿಯು ನೋಡುವವನಿಗೆ ಇಂಥಲ್ಲೇ ನಿಲ್ಲೆಂದು ಕಟ್ಟಳೆ ವಿಧಿಸಿಲ್ಲ.

ಒಬ್ಬನೇ ಕುಳಿತು ಅಭ್ಯಸಿಸುವಲ್ಲಿ ಈ ತೆರೆಗೆ ಪ್ರಯೋಜನವುಂಟು, ಅದನ್ನು ಅಲ್ಲಗಳೆಯಲಾಗದು. ಆದರೂ ಬಾಗಲಕೋಟೆ, ಹುನಗುಂದಗಳ ಶಾಲೆಗಳು ಅದಕ್ಕೆ ಹಣ ಸುರಿಯುವ ಮೊದಲು ಮಕ್ಕಳನ್ನು ಬಾದಾಮಿಗೆ ಕರೆದೊಯ್ಯಲಿ. ಅಲ್ಲಿ ಆರು ಸೆಂಟಿಮೀಟರು ಅಂತರದಲ್ಲಿ ಎರಡು ಛಾಯಾಚಿತ್ರ ತೆಗೆದು, ರಟ್ಟಿನ ಪೆಟ್ಟಿಗೆಗೆ ಎರಡು ಮಸೂರ ಕೂಡಿಸಿ ಮಕ್ಕಳೇ ಘನದೃಶ್ಯವನ್ನು ರಚಿಸಲಿ. ತತ್ತ್ವವೂ ತಿಳಿದೀತು, ನಾಡೂ ತಿಳಿದೀತು. ಕೊಂಡ ಯಂತ್ರಕ್ಕಿಂತ ಕಟ್ಟಿದ ಯಂತ್ರ ಹೆಚ್ಚನ್ನು ಕಲಿಸುವುದೆಂಬುದೇ ನಮ್ಮ ಅಭಿಮತ.