ಮಗುವಿನ ಮೊರೆ ಚಾಡಿಯಲ್ಲ

ಮಲೆನಾಡಿನಲ್ಲಿ ಶಾಲೆಯೂ ಮಳೆಯೂ ಜೊತೆಯಾಗಿಯೇ ಆರಂಭವಾಗುತ್ತವೆ. ಹೊಸ ಚೀಲ, ಹೊಸ ಕೊಡೆ, ಹೊಸ ತರಗತಿ. ಮೊದಲ ಕೆಲವು ವಾರಗಳ ಉತ್ಸಾಹ ಇಳಿದ ಮೇಲೆ ಕೆಲವು ಮನೆಗಳಲ್ಲಿ ಬೆಳಗಿನ ಹೊತ್ತು ಒಂದು ಹೊಟ್ಟೆನೋವು ಕಾಣಿಸಿಕೊಳ್ಳುತ್ತದೆ. ಭಾನುವಾರ ಅದರ ಸುಳಿವಿರುವುದಿಲ್ಲ. ಸೋಮವಾರ ಎಂಟು ಗಂಟೆಗೆ ತಪ್ಪದೆ ಬರುತ್ತದೆ. ಕಷಾಯಕ್ಕೂ ಜಗ್ಗದು, ಮಾತ್ರೆಗೂ ಜಗ್ಗದು. ತಾಯಿ ಸೋಮಾರಿತನವೆನ್ನುತ್ತಾಳೆ, ತಂದೆ ಗದರಿಸಿ ಬಸ್ಸು ಹತ್ತಿಸುತ್ತಾನೆ. ಆ ನೋವಿನ ಕಾರಣ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತಿರಬಹುದೆಂದು ಇಬ್ಬರಿಗೂ ಹೊಳೆಯುವುದಿಲ್ಲ.

ಮಕ್ಕಳು ಮಕ್ಕಳಿಗೆ ಕೊಡುವ ಹಿಂಸೆಯನ್ನು ನಾವು ಕೀಟಲೆ, ತಮಾಷೆ, ಹುಡುಗಾಟ ಎಂದು ಕರೆಯುತ್ತೇವೆ. ಈ ಪದಗಳಲ್ಲಿಯೇ ಕ್ಷಮೆ ಅಡಗಿದೆ. ಆದರೆ ಕನ್ನಡದಲ್ಲಿ ಇನ್ನೊಂದು ಪದವಿದೆ: ಕಾಟ. ತೋಟಕ್ಕೆ ಮಂಗಗಳ ಕಾಟವೆಂದರೆ ಏನೆಂಬುದು ಇಲ್ಲಿನ ಯಾವ ರೈತನಿಗೂ ವಿವರಿಸಬೇಕಾಗಿಲ್ಲ. ಒಮ್ಮೆ ಬಂದು ಹೋದರೆ ಅದು ಕಾಟವಲ್ಲ. ದಿನವೂ ಬಂದರೆ, ಓಡಿಸುವ ಶಕ್ತಿ ನಮಗಿಲ್ಲವಾದರೆ, ಅದು ಕಾಟ. ಶಾಸ್ತ್ರಜ್ಞರು ಹೇಳುವ ಲಕ್ಷಣವೂ ಇದೇ: ಬೇಕೆಂದೇ ಮಾಡಿದ್ದು, ಮತ್ತೆ ಮತ್ತೆ ಮಾಡಿದ್ದು, ಎದುರಿಸಲಾರದವನ ಮೇಲೆ ಮಾಡಿದ್ದು. ಸಮಬಲರಾದ ಇಬ್ಬರು ಹುಡುಗರು ಆಟದ ಬಯಲಿನಲ್ಲಿ ಹೊಡೆದಾಡಿಕೊಂಡು ಸಂಜೆಗೆ ರಾಜಿಯಾದರೆ ಹಿರಿಯರು ಅದನ್ನು ಮರೆಯಬಹುದು. ಒಬ್ಬನನ್ನೇ ಐವರು ದಿನವೂ ಗುರಿಮಾಡಿದರೆ ಮರೆಯಲಾಗದು.

ಕಾರ್ಗಲ್ಲಿನಂಥ ಊರಿನಲ್ಲಿ ಗುರಿಯಾಗಲು ಕಾರಣಗಳಿಗೆ ಕೊರತೆಯಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯೂ ಶರಾವತಿ ಯೋಜನೆಯೂ ನಾನಾ ಭಾಷೆಯ ಜನರನ್ನು ಈ ಕಾಡಿಗೆ ಕರೆತಂದವು. ತಮಿಳು, ಮಲಯಾಳಂ, ತೆಲುಗು, ಕೊಂಕಣಿ ಮನೆಮಾತಿನವರು ಒಂದೇ ಕಾಲೊನಿಯಲ್ಲಿ ನೆಲೆಸಿದರು. ಹಿರಿಯರಿಗೆ ಅದು ಸೌಹಾರ್ದದ ಪಾಠಶಾಲೆಯಾಯಿತೆಂಬುದು ನಿಜ. ಆದರೆ ಮನೆಯಲ್ಲಿ ಬೇರೆ ಮಾತನಾಡುವ ಮಗು ತರಗತಿಯಲ್ಲಿ ಒಂದು ಕನ್ನಡ ಪದವನ್ನು ತಪ್ಪಾಗಿ ಉಚ್ಚರಿಸಿದರೆ ಆ ತಪ್ಪೇ ಅದಕ್ಕೆ ಅಡ್ಡಹೆಸರಾಗಲು ಅರ್ಧ ದಿನ ಸಾಕು. ಬಣ್ಣ, ಜಾತಿ, ತೊದಲು, ತಂದೆಯ ಕುಡಿತ, ಹರಿದ ರೇನ್‌ಕೋಟು, ಯಾವುದೂ ನೆಪವಾಗಬಹುದು. ಇದಕ್ಕೆ ಮಲೆನಾಡಿನ ದೂರವೂ ಸೇರುತ್ತದೆ. ನಮ್ಮ ಅನೇಕ ಮಕ್ಕಳು ಹಾಸ್ಟೆಲಿನಲ್ಲಿಯೋ ನೆಂಟರ ಮನೆಯಲ್ಲಿಯೋ ಇದ್ದು ಓದುತ್ತಾರೆ. ಬೆಳಿಗ್ಗೆ ಕಾಡಿದವನ ಪಕ್ಕದಲ್ಲಿಯೇ ರಾತ್ರಿ ಮಲಗಬೇಕಾದ ಮಗುವಿನ ಸ್ಥಿತಿಯನ್ನು ಓದುಗರು ಸ್ವಲ್ಪ ಹೊತ್ತು ಯೋಚಿಸಬೇಕು.

ಹೀಗಿದ್ದೂ ಮಗು ಏಕೆ ಹೇಳುವುದಿಲ್ಲ? ಎರಡು ಕಾರಣಗಳಿಂದ. ಮೊದಲನೆಯದು, ಹಿರಿಯರ ನಗೆ. ಹದಿನಾರು ಶತಮಾನಗಳ ಹಿಂದೆ ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಶಾಲೆಯ ದಿನಗಳನ್ನು ನೆನೆದಿದ್ದಾರೆ. ಪೆಟ್ಟು ಬೀಳದಿರಲೆಂದು ಆ ಬಾಲಕ ದೇವರಲ್ಲಿ ಬೇಡಿಕೊಳ್ಳುತ್ತಿದ್ದ. ಅವನ ಬಾಸುಂಡೆಗಳನ್ನು ಕಂಡು ದೊಡ್ಡವರು, ಅವನ ಕೇಡನ್ನು ಬಯಸದ ತಂದೆತಾಯಿಯರು ಕೂಡ, ನಗುತ್ತಿದ್ದರು. ಪೆಟ್ಟು ಕೊಟ್ಟವರು ಗುರುಗಳು, ಸಹಪಾಠಿಗಳಲ್ಲ, ಎಂಬುದು ಸರಿ. ಆದರೆ ನಾವು ಗಮನಿಸಬೇಕಾದದ್ದು ನಗೆಯನ್ನು. ಅದನ್ನು ಧರ್ಮಾಧ್ಯಕ್ಷರಾದ ಮೇಲೂ, ನಡುವಯಸ್ಸಿನಲ್ಲಿಯೂ, ಅವರು ಮರೆತಿರಲಿಲ್ಲ. ಅದೇ ಗ್ರಂಥದಲ್ಲಿ, ಹದಿನಾರರ ಹರೆಯದಲ್ಲಿ ಗೆಳೆಯರೊಡನೆ ಪೇರುಹಣ್ಣು ಕದ್ದದ್ದನ್ನು ವಿಮರ್ಶಿಸುತ್ತ, ಒಬ್ಬನೇ ಆಗಿದ್ದರೆ ತಾನದನ್ನು ಮಾಡುತ್ತಿರಲಿಲ್ಲವೆಂಬ ನಿರ್ಣಯಕ್ಕೆ ಬರುತ್ತಾರೆ. ಕಾಟದ ಮನಃಶಾಸ್ತ್ರವೆಲ್ಲ ಅಲ್ಲಿದೆ: ಕಾಡುವವನಿಗೆ ನೋಡುವವರು ಬೇಕು.

ಎರಡನೆಯ ಕಾರಣ ‘ಚಾಡಿ’ ಎಂಬ ಪದ. ಶಿಕ್ಷಕರಿಗೆ ಹೇಳಿದ ಮಗುವನ್ನು ಸಹಪಾಠಿಗಳು ಚಾಡಿಕೋರನೆಂದು ಜರೆಯುತ್ತಾರೆ. ಕೆಲವೊಮ್ಮೆ ಶಿಕ್ಷಕರೂ ಅದೇ ಮಾತನ್ನಾಡಿ ಹಿಂದಕ್ಕೆ ಕಳುಹಿಸುತ್ತಾರೆ. ಇಲ್ಲಿ ಗುರುಮಠದ ಹಳೆಯ ಪಾಠವೊಂದು ಉಪಯೋಗಕ್ಕೆ ಬರುತ್ತದೆ. ಚಾಡಿಯನ್ನು ಸಂತ ತೋಮಸ್ ಅಕ್ವಿನಾಸರು ಪರನಿಂದೆಗಿಂತಲೂ ಕೆಟ್ಟದ್ದೆಂದು ಎಣಿಸಿದ್ದಾರೆ. ಏಕೆಂದರೆ ಅದರ ಗುರಿ ಸ್ನೇಹಿತರನ್ನು ಒಡೆಯುವುದು. ಅವರು ನೋಡಿದ್ದು ಗುರಿಯನ್ನು. ಬಾವಿಗೆ ಬಿದ್ದವನು ಕೂಗಿಕೊಂಡರೆ ತಳ್ಳಿದವನ ಮೇಲೆ ಚಾಡಿ ಹೇಳಿದನೆನ್ನುತ್ತೇವೆಯೇ? ಮೊದಲು ಏಕಾಂತದಲ್ಲಿ ಬುದ್ಧಿಹೇಳಬೇಕೆಂಬ ಶುಭಸಂದೇಶದ ಮಾತನ್ನು ಕೆಲವರು ಮುಂದಿಡಬಹುದು. ಅದಕ್ಕೂ ಅಕ್ವಿನಾಸರು ಉತ್ತರ ಕೊಟ್ಟಿದ್ದಾರೆ: ಗುಟ್ಟಾಗಿ ನಡೆಯುವ ಪಾಪ ಮತ್ತೊಬ್ಬರಿಗೆ ಹಾನಿಮಾಡುವಂಥದ್ದಾದರೆ, ಏಕಾಂತದ ಬುದ್ಧಿಮಾತಿನಿಂದಲೇ ಅದು ನಿಲ್ಲುವುದೆಂಬ ದೃಢ ಭರವಸೆಯಿಲ್ಲದಿದ್ದರೆ, ತಡಮಾಡದೆ ತಿಳಿಸಬೇಕು.

ನೋಡಿಯೂ ಸುಮ್ಮನಿದ್ದವರ ವಿಷಯವೇನು? ಆದಿಕಾಂಡದಲ್ಲಿ ಜೋಸೆಫನನ್ನು ಅಣ್ಣಂದಿರು ಬಾವಿಗೆ ತಳ್ಳಿದ ಪ್ರಸಂಗವನ್ನು ನಮ್ಮ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಕೇಳಿರುತ್ತಾರೆ. ರೂಬೇನನನ್ನು ಮಾತ್ರ ಯಾರೂ ಹೆಚ್ಚು ನೆನೆಯುವುದಿಲ್ಲ. ಅವನು ಕೆಟ್ಟವನಲ್ಲ, ಕೊಲ್ಲುವುದು ಬೇಡವೆಂದವನು ಅವನೇ. ಹುಡುಗನನ್ನು ಆಮೇಲೆ ಗುಟ್ಟಾಗಿ ಮೇಲೆತ್ತಿ ತಂದೆಗೆ ಒಪ್ಪಿಸಬೇಕೆಂಬುದು ಅವನ ಯೋಚನೆ. ಹಿಂದಿರುಗಿ ಬಂದಾಗ ಬಾವಿ ಬರಿದಾಗಿತ್ತು. ಹುಡುಗ ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ಮಾರಾಟವಾಗಿದ್ದ. ರೂಬೇನ್ ಬಟ್ಟೆ ಹರಿದುಕೊಂಡು ಗೋಳಾಡಿದ, ಆದರೆ ತಂದೆಗೆ ನಿಜ ಹೇಳಲಿಲ್ಲ. ಪ್ರತಿ ತರಗತಿಯಲ್ಲಿಯೂ ಇಂಥ ರೂಬೇನರು ಹಲವರಿದ್ದಾರೆ. ಅವರಿಗೆ ಧೈರ್ಯ ಬಂದರೆ ಕಾಡುವವರ ಗುಂಪು ಕರಗುತ್ತದೆ.

ಇದು ಬರಿಯ ಆಶಯವಲ್ಲ. ನಾರ್ವೆ ದೇಶದಲ್ಲಿ 1982ರಲ್ಲಿ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಕಾಟವೇ ಕಾರಣವೆಂದು ನಂಬಲಾಯಿತು. 1983ರಲ್ಲಿ ಸರ್ಕಾರವೇ ದೇಶದ ಶಾಲೆಗಳಲ್ಲೆಲ್ಲ ಆಂದೋಲನ ಹೂಡಿತು. ಬರ್ಗೆನ್ ನಗರದ ಶಾಲೆಗಳಲ್ಲಿ ಡಾನ್ ಓಲ್ವೇಯಸ್ ಎಂಬ ಮನೋವಿಜ್ಞಾನಿ ನಡೆಸಿದ ಪ್ರಯತ್ನದಿಂದ ಎರಡು ವರ್ಷಗಳೊಳಗೆ ಕಾಟ ಸುಮಾರು ಅರ್ಧಕ್ಕಿಳಿಯಿತು. ಮಾಡಿದ್ದೇನು? ವಿರಾಮದ ವೇಳೆಯಲ್ಲಿ ಶಿಕ್ಷಕರು ಬಯಲಿನಲ್ಲಿದ್ದರು, ತರಗತಿಯಲ್ಲಿ ಮಕ್ಕಳೊಡನೆ ಕುಳಿತು ನಿಯಮ ಮಾಡಿಕೊಂಡರು, ಕಾಡಿದವನನ್ನೂ ಅವನ ತಂದೆತಾಯಿಯರನ್ನೂ ಕರೆಸಿ ಮಾತನಾಡಿದರು. ಹಣ ಬೇಡುವ ಕೆಲಸ ಇದರಲ್ಲಿ ಹೆಚ್ಚಿಲ್ಲ.

ಮುಚ್ಚಿಟ್ಟ ಕಾಟ ಎಲ್ಲಿಯವರೆಗೆ ಬೆಳೆಯಬಲ್ಲದೆಂಬುದು ನಮ್ಮ ರಾಜ್ಯಕ್ಕೂ ತಿಳಿದಿದೆ. 2016ರ ಮೇ ತಿಂಗಳಲ್ಲಿ ಕಲಬುರಗಿಯ ನರ್ಸಿಂಗ್ ಕಾಲೇಜೊಂದರ ಕೇರಳದ ವಿದ್ಯಾರ್ಥಿನಿಗೆ ಹಿರಿಯ ವಿದ್ಯಾರ್ಥಿನಿಯರು ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದರೆಂಬ ಆರೋಪ ದೇಶವನ್ನು ತಲ್ಲಣಗೊಳಿಸಿತು. ಪೊಲೀಸರಲ್ಲಿ ದೂರು ದಾಖಲಾದದ್ದು ಜೂನಿನಲ್ಲಿ, ಅದೂ ಕೇರಳದಲ್ಲಿ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗಿನ ನಿರೂಪಣೆಯಿದೆ. ವಿದ್ಯಾರ್ಥಿಯ ಘನತೆಗೆ ಕುಂದುತರುವ ಕೃತ್ಯಕ್ಕೆ ಅವನನ್ನು ಒತ್ತಾಯಿಸುವುದು ತಮಾಷೆಗಾಗಿಯೇ ಆದರೂ ಅದರೊಳಗೆ ಬರುತ್ತದೆ. ತಮಾಷೆಯೆಂಬ ಸಮಜಾಯಿಷಿಯನ್ನು ಕಾನೂನು ಎಂದೋ ತಳ್ಳಿಹಾಕಿತು, ನಾವಿನ್ನೂ ಒಪ್ಪುತ್ತಿದ್ದೇವೆ.

ಕಥೋಲಿಕ ಕುಟುಂಬಗಳಿಗೆ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಶಾಲೆ ನಮ್ಮದೇ ಧರ್ಮಭಗಿನಿಯರದ್ದೋ ಗುರುಗಳದ್ದೋ ಆಗಿದ್ದರೆ ನಾವು ದೂರು ಕೊಡಲು ಹಿಂಜರಿಯುತ್ತೇವೆ. ಸಿಸ್ಟರಿಗೆ ಬೇಸರವಾಗಬಹುದು, ಊರಿನವರು ಆಡಿಕೊಳ್ಳಬಹುದು, ಸಂಸ್ಥೆಯ ಹೆಸರು ಕೆಡಬಹುದು. ಹೆಸರಿನ ಮೇಲಿನ ಈ ಕಾಳಜಿ ಲೋಕದ ಬೇರೆ ಬೇರೆ ಭಾಗಗಳಲ್ಲಿ ಧರ್ಮಸಭೆಗೆ ಎಂಥ ಬೆಲೆ ತೆತ್ತುಕೊಟ್ಟಿತೆಂಬುದನ್ನು ನಾವು ಓದಿದ್ದೇವೆ. ಯಾಜಕರಿಂದಾದ ಲೈಂಗಿಕ ದೌರ್ಜನ್ಯವನ್ನೂ ಅದನ್ನು ಮುಚ್ಚಿಹಾಕುವುದನ್ನೂ ವರದಿಮಾಡುವುದು ಗುರುಗಳ ಹಾಗೂ ಧಾರ್ಮಿಕರ ಕರ್ತವ್ಯವೆಂದು ಜಗದ್ಗುರು ಫ್ರಾನ್ಸಿಸರು 2019ರಲ್ಲಿ ವಿಧಿಸಿದರು. ಮಕ್ಕಳ ನಡುವಿನ ಕಾಟ ಅಷ್ಟು ಘೋರವಲ್ಲದಿರಬಹುದು, ಆದರೆ ಎರಡನ್ನೂ ಬೆಳೆಸುವುದು ಒಂದೇ ಮೌನ. ದೂರನ್ನು ಕೃತಜ್ಞತೆಯಿಂದ ಸ್ವೀಕರಿಸುವ ಶಾಲೆಯೇ ಒಳ್ಳೆಯ ಹೆಸರಿಗೆ ಅರ್ಹ.

ಇನ್ನೊಂದು ಮಾತು ಹೆಚ್ಚು ಕಹಿಯಾದದ್ದು. ಕಾಡುವ ಮಗು ನಮ್ಮದೇ ಆಗಿರಬಹುದು. ‘ನಮ್ಮ ಹುಡುಗ ಅಂಥವನಲ್ಲ’ ಎಂಬುದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಮೊದಲು ಹೊರಡುವ ವಾಕ್ಯ. ಅಲ್ಲಿಂದ ಮನೆಗೆ ಬಂದು ಬೆಲ್ಟಿನಿಂದ ಬಾರಿಸುವ ತಂದೆ, ಬಲವುಳ್ಳವನು ಹೊಡೆಯಬಹುದೆಂಬ ಪಾಠವನ್ನೇ ಗಟ್ಟಿಮಾಡುತ್ತಾನೆ. ಊಟದ ಹೊತ್ತಿನಲ್ಲಿ ನೆರೆಯವರ ಭಾಷೆಯನ್ನೋ ಜಾತಿಯನ್ನೋ ಅಣಕಿಸಿ ನಗುವ ಮನೆಗಳಿಂದ ಮಕ್ಕಳು ಏನನ್ನು ಕಲಿತು ಶಾಲೆಗೆ ಹೊರಡುತ್ತಾರೆ?

ಮಗು ಬಾಯಿಬಿಟ್ಟಾಗ ಕೊನೆಯವರೆಗೂ ಕೇಳಿ. ‘ನೀನೂ ಎರಡು ಬಾರಿಸು’ ಎಂಬ ಸಲಹೆ ಬೇಡ. ಯಾವ ದಿನ, ಎಲ್ಲಿ, ಯಾರಿದ್ದರು ಎಂಬುದನ್ನು ಬರೆದಿಟ್ಟುಕೊಳ್ಳಿ. ಮೊದಲು ತರಗತಿಯ ಶಿಕ್ಷಕರಿಗೆ, ಫಲ ಕಾಣದಿದ್ದರೆ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯ ಮುಂದೆ ವಿಷಯವಿಡಬಹುದು. ಅಲ್ಲಿಂದ ಮೇಲೆ ಸಾಗರದ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ. ಸುತ್ತಲಿನ ಹಳ್ಳಿಗಳವರು ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯನ್ನು ಮರೆಯಬಾರದು. ಅಲ್ಲಿ ಮಾತನಾಡುವವರು ಮಕ್ಕಳೇ. ಕಾಡುತ್ತಿರುವವರು ಶಿಕ್ಷಕರೇ ಆದರೆ, ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಮ್ಮ ಬೆಂಬಲಕ್ಕಿದೆ. ಲೈಂಗಿಕ ಸ್ವರೂಪದ ಹಿಂಸೆಯೆಂದು ತಿಳಿದುಬಂದರೆ ಈ ಮೆಟ್ಟಿಲುಗಳಾವುವೂ ಬೇಡ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅದನ್ನು ನೇರವಾಗಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿದೂ ಮುಚ್ಚಿಟ್ಟ ಹಿರಿಯರಿಗೆ ಶಿಕ್ಷೆಯಿದೆ, ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಇನ್ನೂ ಹೆಚ್ಚು. ಗುರುಗಳಿಗೂ ಇದರಿಂದ ವಿನಾಯಿತಿಯಿಲ್ಲ.

ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹಗಲಿರುಳು ತೆರೆದಿರುತ್ತದೆ, ಕರೆ ಉಚಿತ. ತಂದೆತಾಯಿಯರೇ ಮಾಡಬೇಕೆಂದಿಲ್ಲ; ಮಗು ತಾನೇ ಕರೆ ಮಾಡಬಹುದು, ಮಗುವಿನ ಗೆಳೆಯನೂ ಮಾಡಬಹುದು. ಹಾಸ್ಟೆಲಿಗೆ ಮಗುವನ್ನು ಬಿಟ್ಟುಬರುವ ದಿನ ನೋಟುಪುಸ್ತಕದ ಮೊದಲ ಹಾಳೆಯಲ್ಲಿ ಮನೆಯ ಫೋನಿನ ಕೆಳಗೆ ಈ ನಾಲ್ಕು ಅಂಕಿಗಳನ್ನೂ ಬರೆದುಕೊಟ್ಟು ಬನ್ನಿ.