ಗುಳಿಗೆ ತೀರಿದ ಮೇಲೆ

ಪುಣೆಯಲ್ಲಿ ಯಾರಾದರೂ ಸ್ವಲ್ಪ ತಿಕ್ಕಲಾಗಿ ಮಾತಾಡಿದರೆ "ಇವನನ್ನ ಯೆರವಡಾಕ್ಕೆ ಕಳಿಸ್ರೋ" ಅಂತ ನಗುತ್ತಾರೆ. ನಮ್ಮ ವಿಜಯಪುರದ ಕಡೆ ಇದನ್ನೇ "ಧಾರವಾಡಕ್ಕ ಕಳಸ್ರಿ" ಅನ್ನುತ್ತಿದ್ದೆವು. ಊರು ಬೇರೆ, ನಗು ಒಂದೇ. ನಾನು ಈ ಯೆರವಡಾದಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಇಲ್ಲಿನ ಪ್ರಾದೇಶಿಕ ಮನೋರೋಗ ಆಸ್ಪತ್ರೆಗೆ ಮಂಜೂರಾದ ಹಾಸಿಗೆಗಳೇ 2,540. ದೇಶದ ಅತಿ ದೊಡ್ಡ ಮನೋರೋಗ ಆಸ್ಪತ್ರೆಗಳಲ್ಲಿ ಇದೂ ಒಂದು. ದಿನಾ ಅದರ ಮುಂದೆಯೇ ಓಡಾಡಿದರೂ ಬಹಳ ವರ್ಷ ನನಗೂ ಅದು ಬರೀ ತಮಾಷೆಯ ಮಾತಾಗಿತ್ತು. ಆ ನಗು ಹೇಗೆ ನಿಂತಿತು ಅಂತ ಹೇಳುತ್ತೇನೆ ಕೇಳಿ.

ನಮ್ಮ ಮನೆ ಹತ್ತಿರ ಕಟ್ಟಡದ ಕೆಲಸಕ್ಕೆ ಇಂಡಿ ಕಡೆಯ ಗಂಡಹೆಂಡತಿ ಬಂದಿದ್ದರು. ಒಂದು ಸಂಜೆ ಆಕೆ ಬಾಗಿಲಿಗೆ ಬಂದು "ಅಣ್ಣಾರ, ನೀವು ನಮ್ಮ ಕಡಿಯಾವ್ರಂತಲ್ರೀ, ನಾಳಿ ದವಾಖಾನಿಗೆ ಬರ್ರಿ, ಅವರ ಮಾತು ನಮಗ ತಿಳಿಯಂಗಿಲ್ಲ" ಅಂದಳು. ಗಂಡ ಒಂದು ವಾರದಿಂದ ನಿದ್ದೆ ಮಾಡಿರಲಿಲ್ಲ. ಕಿವಿಯಲ್ಲಿ ಯಾರೋ ಬೈತಾರೆ ಅನ್ನುತ್ತಿದ್ದ. ಡಾಕ್ಟರ ಮುಂದೆ ಕೂತು "ಜೀವಕ್ಕ ಭಾಳ ಸಂಕಟ ಆಗ್ತದ್ರೀ" ಅಂದ. ಮರಾಠಿಯಲ್ಲಿ ಸಂಕಟ ಅಂದರೆ ಆಪತ್ತು. "ಯಾರಿಂದ ಆಪತ್ತು?" ಅಂತ ಡಾಕ್ಟರು ಕೇಳತೊಡಗಿದರು! ನಾನು ಬಾಯಿ ಹಾಕಿ ಬಿಡಿಸಿ ಹೇಳಬೇಕಾಯಿತು. ಮುರಿದ ಕೈಗಾದರೆ ಎಕ್ಸ್‌ರೇ ಇದೆ, ಮನಸ್ಸಿನ ಕಾಯಿಲೆಗೆ ಮಾತೇ ಎಕ್ಸ್‌ರೇ.

ಗುಳಿಗೆ ಹಿಡಿಯಿತು. ಎರಡು ತಿಂಗಳಲ್ಲಿ ಮನುಷ್ಯ ಮೊದಲಿನಂತಾದ, ಇಬ್ಬರೂ ಊರಿಗೆ ಹೋದರು. ಆರು ತಿಂಗಳಿಗೆ ಆಕೆ ಅವನನ್ನು ಅದೇ ಸ್ಥಿತಿಯಲ್ಲಿ ವಾಪಸ್ ಕರೆತಂದಳು. "ಗುಳಿಗಿ ತೀರಿದ್ವು ಅಣ್ಣಾರ..." ಅಷ್ಟೇ ಕಾರಣ. ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿಪಿಗೆ ಗುಳಿಗೆ ಇತ್ತು, ಸಕ್ಕರೆ ಕಾಯಿಲೆಗೂ ಇತ್ತು, ಇದಕ್ಕೆ ಇರಲಿಲ್ಲ. ದೊಡ್ಡ ಊರಿಗೆ ಹೋಗಬೇಕೆಂದರೆ ಇಬ್ಬರ ಬಸ್ ಚಾರ್ಜು, ಇಬ್ಬರ ಒಂದು ದಿನದ ಕೂಲಿ. ಮೈ ಚೆನ್ನಾಗಿದ್ದಾಗ ಯಾರು ಹೋಗುತ್ತಾರೆ?

ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ, ದೆವ್ವ ದೇವರು ಅಂತ ಸುತ್ತುತ್ತಾರೆ ಎಂದು ನಾವು ಪಟ್ಟಣದವರು ಸುಲಭವಾಗಿ ಹೇಳಿಬಿಡುತ್ತೇವೆ. ಈಕೆಗೆ ತಿಳಿವಳಿಕೆ ಇತ್ತು. ಇಲ್ಲದ್ದು ಗುಳಿಗೆ.

ಇದೇನು ಆಗದ ಕೆಲಸವಲ್ಲ. 1985ರ ಸುಮಾರಿಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದರು. ಹಳ್ಳಿಗೊಬ್ಬ ಮನೋವೈದ್ಯರನ್ನೇನೂ ಕಳಿಸಲಿಲ್ಲ. ಇದ್ದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಔಷಧಿಯನ್ನು ಅಲ್ಲಿಗೇ ಮುಟ್ಟಿಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಗತ್ಯ ಔಷಧಿಗಳನ್ನು ಉಚಿತವಾಗಿ ಕೊಡಬೇಕು ಅನ್ನುತ್ತದೆ. ಆದರೆ ಆ ಮಾತು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನವುಗಳಿಗೆ. ಅದಕ್ಕಿಂತ ಕೆಳಗಿನ ಮೆಟ್ಟಿಲೇ ಹಳ್ಳಿಯವರ ಕಾಲಿಗೆ ಎಟುಕುವುದು! 2022ರ ಅಕ್ಟೋಬರಿನಿಂದ ಟೆಲಿ-ಮಾನಸ್, 14416, ಇದೆ. ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ಸಂಕಟ ಅಂದರೆ ಸಂಕಟವೆಂದೇ ಅರ್ಥವಾಗುತ್ತದೆ. ಒಳ್ಳೆಯದೇ. ಆದರೆ ಫೋನಿನಲ್ಲಿ ಗುಳಿಗೆ ಬರುವುದಿಲ್ಲ.

ದೊಡ್ಡ ಆಸ್ಪತ್ರೆ ಬೇಡ ಅನ್ನುತ್ತಿಲ್ಲ. ಕಾಯಿಲೆ ಕೆರಳಿದಾಗ ಹಾಸಿಗೆ ಬೇಕೇ ಬೇಕು. ಆದರೆ ಇದು ವರ್ಷಗಟ್ಟಲೆ ನೋಡಿಕೊಳ್ಳಬೇಕಾದ ಕಾಯಿಲೆ, ಸಕ್ಕರೆ ಕಾಯಿಲೆಯ ಹಾಗೆ. ಬಿಪಿ ಗುಳಿಗೆಯ ಪಕ್ಕದ ಡಬ್ಬಿಯಲ್ಲೇ ಇದೂ ಇರಲಿ. ಈ ತಿಂಗಳು ಯಾರು ಒಯ್ಯಲಿಲ್ಲ ಅಂತ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ವಿಚಾರಿಸಲಿ. ಆ ಕೆಲಸಕ್ಕೆ ಆಕೆಗೆ ಬೇರೆಯಾಗಿ ದುಡ್ಡು ಕೊಡಲಿ.

ಎರಡನೇ ಸಲ ಅವರು ಊರಿಗೆ ಹೊರಟಾಗ ನಾನೇ ಒಪ್ಪಿಕೊಂಡೆ. ಡಾಕ್ಟರ ಚೀಟಿಯಂತೆ ತಿಂಗಳಿಗೊಮ್ಮೆ ಗುಳಿಗೆ ಕೊಂಡು, ವಿಜಯಪುರದ ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂತ ಒಳಗೊಳಗೇ ಹೆಮ್ಮೆ. ಆಮೇಲೆ ನಮ್ಮ ಮನೆಯಲ್ಲಿ ಮದುವೆ ಬಂತು, ಆ ಗಡಿಬಿಡಿಯಲ್ಲಿ ಹದಿನೈದು ದಿನ ಮರೆತೆ. ಆಕೆ ಫೋನ್ ಮಾಡಿದಳು, ಒಂದು ಮಾತೂ ಬೈಯಲಿಲ್ಲ. "ಮತ್ತ ನಿದ್ದಿ ಬಿಟ್ಟಾನ್ರೀ ಅಣ್ಣಾರ" ಅಂದಳು.

ಒಬ್ಬ ಮನುಷ್ಯನ ನಿದ್ದೆ ನನ್ನಂಥವನ ನೆನಪಿನ ಮೇಲೆ ನಿಲ್ಲಬಾರದು. ಈ ಸಲ ಜಾತ್ರೆಗೆ ಊರಿಗೆ ಹೋದಾಗ ನೀವೂ ನಿಮ್ಮ ಆರೋಗ್ಯ ಕೇಂದ್ರಕ್ಕೆ ಹೋಗಿ ಆ ಗುಳಿಗೆ ಇದೆಯೇ ಅಂತ ಕೇಳಿ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಪಂಚಾಯಿತಿಯಲ್ಲೂ ಕೇಳಿ.