ತಲೆ ಎಣಿಸುವ ಜಾಗ



ಬೊಮ್ಮಾಯಿ ಕೇಸು ಅಂದರೆ ಲಾ ಕಾಲೇಜಿನ ಹುಡುಗರಿಗೆ ಪರೀಕ್ಷೆಯ ಪ್ರಶ್ನೆ. ಬಿ.ಎ. ಓದಿದ ನಮಗೆ ಅದು ಹುಬ್ಬಳ್ಳಿಯ ಮಾತು. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಆರಿಸಿ ಹೋದ ಎಸ್. ಆರ್. ಬೊಮ್ಮಾಯಿ ಎಂಟು ತಿಂಗಳು ಮುಖ್ಯಮಂತ್ರಿಯಾಗಿದ್ದರು. ಅವರನ್ನು ಇಳಿಸಿದ್ದು ಸರಿಯೋ ತಪ್ಪೋ ಎಂಬ ವ್ಯಾಜ್ಯ ಸುಮಾರು ಐದು ವರ್ಷ ನಡೆಯಿತು. ದೊಡ್ಡವರ ಕುರ್ಚಿ ಜಗಳದಾಗ ಕೇರಿ ಹುಡುಗರಿಗೆ ಏನ್ ಕೆಲಸ ಅಂತ ಕೇಳುತ್ತೀರಿ. ಕೆಲಸ ಐತಿ.

1985ರ ಮಾರ್ಚಿನಲ್ಲಿ ಎಂಟನೆಯ ವಿಧಾನಸಭೆ ಚುನಾಯಿತವಾಯಿತು. 224ರಲ್ಲಿ ಜನತಾ ಪಕ್ಷಕ್ಕೆ 139. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಸ್ಪೀಕರ್ ಪೀಠದಲ್ಲಿ ಹಿರೇಕೆರೂರಿನ ಬಿ. ಜಿ. ಬಣಕಾರ, ಅವರೂ ಆಗಿನ ಧಾರವಾಡ ಜಿಲ್ಲೆಯವರೇ. 1988ರ ಆಗಸ್ಟಿನಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪದಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. 13ರಂದು ಬೊಮ್ಮಾಯಿ ಬಂದರು.

1989ರ ಏಪ್ರಿಲ್ 15ರಂದು ಸಂಪುಟಕ್ಕೆ 13 ಜನ ಹೊಸಬರು ಸೇರಿದರು. ಎರಡೇ ದಿನಕ್ಕೆ ಒಬ್ಬ ಶಾಸಕರು ಪಕ್ಷ ಬಿಟ್ಟು ರಾಜಭವನದ ಮೆಟ್ಟಿಲೇರಿದರು. ಮರುದಿನ ಬೆಂಬಲ ವಾಪಸ್ ಪಡೆದ 19 ಶಾಸಕರ ಪತ್ರಗಳು. ಸರ್ಕಾರಕ್ಕೆ ಬಹುಮತ ಇಲ್ಲ ಎಂದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ದೆಹಲಿಗೆ ಬರೆದರು. 20ರಂದು ಆ 19ರಲ್ಲಿ ಏಳು ಜನ ತಿರುಗಿಬಿದ್ದರು: ನಮ್ಮ ಸಹಿಯನ್ನು ಸುಳ್ಳು ಹೇಳಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ. ಬೇಕಾದರೆ 27ಕ್ಕೆ ಸಭೆ ಕರೆಯೋಣ, ಅಲ್ಲೇ ಎಣಿಸೋಣ ಎಂದರು ಬೊಮ್ಮಾಯಿ. ಯಾರು ಕೇಳಬೇಕು? 21ರಂದು ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. ಅವಧಿ ಮುಗಿಯಲು ಇನ್ನೂ ಹನ್ನೊಂದು ತಿಂಗಳು ಇತ್ತು.

ಆ ಏಳು ಸಹಿಗಳ ಹತ್ತಿರ ಸ್ವಲ್ಪ ನಿಲ್ಲಿ. ಮುಚ್ಚಿದ ಕೋಣೆಯೊಳಗೆ ಸಹಿ ಹೇಗೆ ಬೀಳುತ್ತದೆ ಅನ್ನುವುದು ನಮ್ಮ ಮುದುಕರಿಗೆ ಯಾರೂ ಕಲಿಸಬೇಕಿಲ್ಲ. ಸರ್ಕಾರ ಕೊಟ್ಟ ಎರಡು ಎಕರೆ ಜಮೀನು ಹೆಬ್ಬೆಟ್ಟಿನ ಮಸಿಯಲ್ಲಿ ಕರಗಿಹೋದದ್ದು ಹಾಗೆಯೇ. ಅಂಥ ಪರಭಾರೆ ಅನೂರ್ಜಿತ, ಜಮೀನು ವಾಪಸ್ ಕೊಡಿ ಎನ್ನುವ ಕಾನೂನನ್ನು 1978ರಲ್ಲಿ ತರಬೇಕಾಯಿತು. ಜೇಬಿನಲ್ಲಿ ಪೆನ್ನಿದ್ದ ಶಾಸಕರೇ ಮೋಸ ಹೋದೆವು ಅನ್ನುವಾಗ ಕೂಲಿಯವನ ಪಾಡೇನು? ಸಭೆಯ ಒಳಗೆ ಹಾಗಲ್ಲ. ಎದ್ದು ನಿಲ್ಲಬೇಕು, ನಾಲ್ಕು ಜನ ನೋಡುವಾಗ ಇತ್ತಲೋ ಅತ್ತಲೋ ಹೇಳಬೇಕು. ಹತ್ತು ಜನ ಚಾವಡಿಯಲ್ಲಿ ಕುಂತು ತೀರ್ಮಾನ ಮಾಡಿ, ಹೊರಗೆ ನಿಂತವರಿಗೆ ಹೇಳಿ ಕಳಿಸುವ ಪದ್ಧತಿ ಎಂಥದು ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ರಾಜ್ಯ ಸರ್ಕಾರಗಳನ್ನು ವಜಾ ಮಾಡುವ 356ನೆಯ ವಿಧಿ ಬಳಕೆಗೇ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಎಂದು ಬಾಬಾಸಾಹೇಬರು 1949ರ ಆಗಸ್ಟಿನಲ್ಲೇ ಸಂವಿಧಾನ ಸಭೆಯಲ್ಲಿ ಆಶಿಸಿದ್ದರು. ಸತ್ತ ಅಕ್ಷರ ಮತ್ತೆ ಮತ್ತೆ ಎದ್ದು ಬಂದು ಸರ್ಕಾರಗಳನ್ನು ನುಂಗಿತು. ಬೊಮ್ಮಾಯಿ ಹೈಕೋರ್ಟಿನಲ್ಲಿ ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು: ಬಹುಮತ ಎಣಿಸುವ ಜಾಗ ಸದನ, ರಾಜಭವನ ಅಲ್ಲ, ಕರ್ನಾಟಕದ ವಜಾ ಸಂವಿಧಾನಬಾಹಿರ. ಅಷ್ಟರೊಳಗೆ 1989ರ ನವೆಂಬರಿನಲ್ಲಿ ಚುನಾವಣೆ ಮುಗಿದು, ಕಾಂಗ್ರೆಸ್ 178 ಸ್ಥಾನ ಗೆದ್ದು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿ, ಅವರೂ ಇಳಿದಾಗಿತ್ತು. ತೀರ್ಪು ಬಂತು, ಸಭೆ ವಾಪಸ್ ಬರಲಿಲ್ಲ.

ಇನ್ನೊಂದು ಮಾತು. ಈ ಸಭೆಯ ಚರಿತ್ರೆ ಅಂದರೆ ಹೆಗಡೆ, ಬೊಮ್ಮಾಯಿ ಅಂತ ಎರಡು ಹೆಸರು ಹೇಳಿ ಮುಗಿಸುತ್ತಾರೆ. ಅದೇ ಅವಧಿಯಲ್ಲಿ, 1987ರ ಜನವರಿಯಲ್ಲಿ, ನಜೀರ್‌ಸಾಬರು ಹಟ ಹಿಡಿದು ತಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ನೂರಕ್ಕೆ 25 ಸ್ಥಾನ ಹೆಂಗಸರಿಗೆ, ಪರಿಶಿಷ್ಟರಿಗೂ ಮೀಸಲು. ಅದೇ 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದರು. ಇಂಥದ್ದನ್ನು ಹೆಸರಿಟ್ಟು ಅಪರಾಧ ಎನ್ನುವ ದೌರ್ಜನ್ಯ ತಡೆ ಕಾನೂನನ್ನು ಪಾರ್ಲಿಮೆಂಟು ಮಾಡಿದ್ದು 1989ರ ಸೆಪ್ಟೆಂಬರಿನಲ್ಲಿ. ಆಗ ಬೆಂಗಳೂರಿನಲ್ಲಿ ವಿಧಾನಸಭೆಯೇ ಇರಲಿಲ್ಲ. ಆ ಸಭೆಯಲ್ಲಿ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳು 33. ಸರ್ಕಾರ ಉಳಿಸಲು, ಬೀಳಿಸಲು ಆ 33 ತಲೆ ಎಲ್ಲರಿಗೂ ಬೇಕು. ಬೆಂಡಿಗೇರಿಯ ಮಾತು ಬಂದಾಗ ಅವರಲ್ಲಿ ಎಷ್ಟು ಜನ ಎದ್ದು ನಿಂತರು ಅಂತ ಎಣಿಸಿದವರು ಯಾರು? ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ 2021ರಲ್ಲಿ ಅದೇ ಕುರ್ಚಿಗೆ ಬಂದರು. ನಮ್ಮವರೊಬ್ಬರು ಇವತ್ತಿಗೂ ಅಲ್ಲಿ ಕುಂತಿಲ್ಲ. ಉಪ ಅನ್ನುವ ಎರಡಕ್ಷರ ಸೇರಿಸಿ ಪಕ್ಕದ ಕುರ್ಚಿ ಕೊಟ್ಟಿದ್ದಾರೆ.

ತೀರ್ಪಿನಿಂದ ಎಲ್ಲ ಸರಿಹೋಯಿತು ಅಂತಲ್ಲ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಲ್ಲಿ ಬಿದ್ದದ್ದು ಸದನದಲ್ಲೇ. ಎಣಿಕೆ ಸರಿಯಾಗಿಯೇ ಆಯಿತು, ರಾಜೀನಾಮೆ ಬರೆದ ಶಾಸಕರು ಮಾತ್ರ ಮುಂಬೈ ಹೋಟೆಲಿನಲ್ಲಿದ್ದರು. ಆದರೂ ಸದನ ಬೇಡ ಅನ್ನುವವರ ಮಾತಿಗೆ ತಲೆಯಾಡಿಸಬೇಡಿ. ನಮ್ಮ ಕಣ್ಣಿಗೆ ಬೀಳುವ ಜಾಗ ಅದೊಂದೇ.

ಹುಬ್ಬಳ್ಳಿ-ಧಾರವಾಡ ಪೂರ್ವ ಈಗ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ. ಹಾಸ್ಟೆಲಿನಲ್ಲಿರುವ ನಿಮ್ಮಲ್ಲಿ ಹಲವರ ಊರೂ ಯಾವುದೋ ಮೀಸಲು ಕ್ಷೇತ್ರದಲ್ಲಿ ಇರುತ್ತದೆ. ವಿಧಾನಸಭೆಯ ನಡಾವಳಿ ಅಚ್ಚಾಗುತ್ತದೆ, ಯಾರು ಬೇಕಾದರೂ ಓದಬಹುದು. ನಿಮ್ಮ ಶಾಸಕರು ಯಾವ ದಿನ ಎದ್ದು ನಿಂತರು, ಯಾವುದರ ಬಗ್ಗೆ ಬಾಯಿ ತೆರೆದರು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಮುಂದಿನ ಸಭೆಗೆ ಬನ್ನಿ. ಎಲ್ಲರ ಮುಂದೆ ಓದೋಣ.